ಚಿಲ್ಲರೆ

ಮಣ್ಣಗುಡ್ಡದ ಸೆವ್ರಿನ್ ಬಾಯಿಗೆ ಒಂದು ಕಿಲೋ ಬೂತಾಯಿ,
ಇಪ್ಪತ್ತು ರೂಪಾಯಿ ಕಮ್ಮಿ.
ಪರ್ಸು ಕೊಡವಿದರು, ಅಕ್ಕಿ ಡಬ್ಬದೊಳಗೆ ಕೈ ಹಾಕಿದರು,
ಕೊನೆಗೆ ಗೇಟಿನ ಕಮಾನಿನಿಂದ
ಪೆನ್ಸಿಲ್ ದಪ್ಪದ ಒಂದು ಕಡ್ಡಿ ಮುರಿದು
"ಇದು ಇಟ್ಟುಕೊ ವಾರಿಜಾ, ರಂಗೂನ್ ಬಳ್ಳಿ,
ಒಮ್ಮೆ ಹಿಡಿದರೆ ನಿನ್ನ ಕೈಯಲ್ಲಿ ನಿಲ್ಲುವುದಿಲ್ಲ" ಎಂದರು.
ಬುಟ್ಟಿಯಲ್ಲಿ ಐಸಿನ ಮೇಲೆ ಮಲಗಿಕೊಂಡು
ಮನೆಗೆ ಬಂತು ಇಪ್ಪತ್ತು ರೂಪಾಯಿಯ ಕಡ್ಡಿ.

ಬೋಳೂರಿನ ನಮ್ಮ ಕಟ್ಟಡಕ್ಕೆ ಅಂಗಳ ಇಲ್ಲ.
ಎರಡನೇ ಮಾಳಿಗೆ, ಎರಡು ಚಾಪೆ ಅಗಲದ ಬಾಲ್ಕನಿ,
ಉಪ್ಪುಗಾಳಿಗೆ ಹಕ್ಕಳೆ ಎದ್ದ ಕಬ್ಬಿಣದ ಸರಳು.
ಧಕ್ಕೆಯಲ್ಲಿ ಬಿಸಾಡಿದ ಥರ್ಮಾಕೋಲ್ ಪೆಟ್ಟಿಗೆ ತಂದೆ,
ಕಾದ ಮೊಳೆಯಿಂದ ಅಡಿಗೆ ಐದು ತೂತು,
ತಳಕ್ಕೆ ಒಡೆದ ಹೆಂಚು,
ಮೇಲೆ ಕೆಂಪು ಮಣ್ಣು, ತೆಂಗಿನ ನಾರು,
ಹಾಲಿನ ದೇಜು ಕೊಟ್ಟ ಒಂದು ಹಿಡಿ ಹಟ್ಟಿಗೊಬ್ಬರ.
ಮೀನು ತೊಳೆದ ನೀರೆಂದರೆ ಅಮೃತ ಅಂತ ಎಲ್ಲರೂ ಹೇಳಿದರು.
ಉಪ್ಪು ಹಾಕಿ ತೊಳೆದದ್ದು ಆಗುವುದಿಲ್ಲ ಅಂತ
ಯಾರೂ ಹೇಳಲಿಲ್ಲ.
ಎಲೆಯೆಲ್ಲ ಕರಟಿ ಉದುರಿತು,
ಕಡ್ಡಿ ಬರೇ ಕಡ್ಡಿಯಾಗಿ ನಿಂತಿತು ಒಂದೂವರೆ ತಿಂಗಳು.
ಬೆಕ್ಕೊಂದು ದಿನಾ ಬಂದು ಮೂಸಿ ಹೋಗುತ್ತಿತ್ತು.

ಆಮೇಲೆ ಬಿಡಲಿಲ್ಲ ಅದು.
ಸರಳು ಹತ್ತಿತು, ಬಟ್ಟೆಯ ಹಗ್ಗ ಹತ್ತಿತು,
ಒಣಗಲು ಹಾಕಿದ ಲಂಗದ ಲಾಡಿ ಹಿಡಿದು ಎಳೆಯಿತು,
ಒಂದು ದಿನ ನೋಡಿದರೆ ತುದಿಯೇ ಇಲ್ಲ:
ಮೇಲಿನ ನಸೀಮಳ ಗ್ರಿಲ್ಲಿನೊಳಗೆ ಹೊಕ್ಕಿದೆ.

ಬುಡ ನನ್ನದು, ನೀರು ನನ್ನದು,
ಹೂವು ಮೇಲೆ.
ಬಿಸಿಲಿದ್ದಲ್ಲಿಗೆ ಬಳ್ಳಿ. ಎಂತ ಮಾಡಲಿಕ್ಕುಂಟು?

ನಾನು ಏಳುವುದು ಮೂರಕ್ಕೆ.
ಮೂರೂವರೆಗೆ ಟೆಂಪೊ, ನಾಲ್ಕಕ್ಕೆ ಧಕ್ಕೆಯ ಏಲ.
ರಸ್ತೆಗಿಳಿದು ಕತ್ತೆತ್ತಿದರೆ
ಕತ್ತಲಲ್ಲಿ ಬಿಳಿ, ಬರೀ ಬಿಳಿ, ಗೊಂಚಲು ಗೊಂಚಲು;
ಪರಿಮಳ ಮಾತ್ರ ಇಳಿದು ನನ್ನ ಖಾಲಿ ಬುಟ್ಟಿಯವರೆಗೆ.
ಮಧ್ಯಾಹ್ನ ಹಿಂದೆ ಬರುವಾಗ ತಲೆಯ ಮೇಲೆ ಬುಟ್ಟಿ,
ಕತ್ತೆತ್ತುವವರು ಯಾರು?

"ವಾರಿಜಕ್ಕಾ, ನಿಮ್ಮ ಕೆಂಪು ಹೂವು ಎಷ್ಟು ಚಂದ!"
ಮೆಟ್ಟಿಲಲ್ಲಿ ಸಿಕ್ಕಿ ನಸೀಮ ಹೇಳಿದಳು.
ಕೆಂಪಾ? ಬಿಳಿ ಅಲ್ವಾ?
"ಕೆಂಪು. ಅದರ ಎದುರೇ ಹೊಲಿಗೆ ಮಿಷನ್ ಇಟ್ಟಿದ್ದೇನೆ,
ಬೆಳಿಗ್ಗೆ ಹತ್ತರಿಂದ ಅದನ್ನೇ ನೋಡುವುದು."
ನನ್ನ ಕಣ್ಣಿಗೆ ಪೊರೆ ಬಂದಿದೆ ಎಂದು ಅವಳು,
ಹಗಲಿಡೀ ಸೂಜಿ ನೋಡಿ ಅವಳ ಕಣ್ಣೇ ಹೋಗಿದೆ ಎಂದು ನಾನು.
ಎರಡು ವಾರ ಬಿಳಿ ಕೆಂಪು, ಕೆಂಪು ಬಿಳಿ.

ಜೂನ್ ಒಂದಕ್ಕೆ ಬೋಟೆಲ್ಲ ದಡಕ್ಕೆ.
ಏಲವಿಲ್ಲ, ಟೆಂಪೊ ಇಲ್ಲ,
ಸಂಜೆ ಎಂಬುದೊಂದು ಉಂಟು ಎಂದು ನನಗೆ
ವರ್ಷದಲ್ಲಿ ಆ ಎರಡು ತಿಂಗಳು ನೆನಪಾಗುತ್ತದೆ.
ಮಳೆ ಹೊಳವಾದ ಒಂದು ದಿನ ನಸೀಮ ಮೇಲಿನಿಂದ ಕೂಗಿದಳು,
"ಬನ್ನಿ, ನಿಮ್ಮ ಹೂವನ್ನು ನೀವೇ ನೋಡಿ."

ಅವಳ ಮಿಷನ್ನಿನ ಪಕ್ಕ ಕೂತು, ಕರಿ ಚಾ ಕುಡಿಯುತ್ತ.
ಉದ್ದ ಕೊಳವೆಯ ತುದಿಯಲ್ಲಿ ಮೊಗ್ಗೊಂದು
ಮುಚ್ಚಿದ ಮುಷ್ಟಿ ಸಡಿಲಾದ ಹಾಗೆ ಬಿಟ್ಟಿತು: ಬಿಳಿ.
ಅದರ ಪಕ್ಕ ನಿನ್ನೆಯದು, ಬೆಂದ ಸೀಗಡಿಯ ಬಣ್ಣ.
ಅದರಾಚೆ ಮೊನ್ನೆಯದು, ತಲೆ ಬಗ್ಗಿಸಿ,
ಈಗಷ್ಟೆ ಬಲೆಯಿಂದ ಬಿಡಿಸಿದ ಬಂಗುಡೆಯ ಕಿವಿರಿನ ಹಾಗೆ ಕೆಂಪು.

ಮೂವತ್ತು ವರ್ಷ ನಾನು ಕಿವಿರು ಎತ್ತಿ ತೋರಿಸಿದವಳು.
ಕೆಂಪಿದ್ದರೆ ಇಂದಿನದು,
ಬಿಳಿಚಿದರೆ ದಿನ ಹೋದದ್ದು.
ಇದು ತಿರುಗಾಮುರುಗಾ.
ಹಳತಾದಷ್ಟೂ ಕೆಂಪೇರುವ ಒಂದು ವಸ್ತು
ನನ್ನ ಪೆಟ್ಟಿಗೆಯಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಸೋತದ್ದು ಯಾರೆಂದು ಇಬ್ಬರೂ ಮಾತೆತ್ತಲಿಲ್ಲ.
ನಸೀಮ ಇನ್ನೊಂದು ಲೋಟ ಚಾ ಹಾಕಿದಳು.

ಆಗಸ್ಟಿನಲ್ಲಿ ಮಣ್ಣಗುಡ್ಡಕ್ಕೆ ಹೋದಾಗ
ಸೆವ್ರಿನ್ ಬಾಯಿ ನೆನಪಿಟ್ಟು ಇಪ್ಪತ್ತರ ನೋಟು ನೀಡಿದರು.
ಬೇಡ ಎನ್ನಲು ಬಾಯಿ ತೆರೆದೆ.
ತೆಗೆದುಕೊಂಡೆ.
ಬಳ್ಳಿ ಬೇರೆ, ಬಾಕಿ ಬೇರೆ.
ತೂಕ ಮುಗಿದ ಮೇಲೆ ಮಾತ್ರ,
ಅವರು ಒಳಗೆ ಪಾತ್ರೆ ತರಲು ಹೋದಾಗ,
ಕಿವಿರು ಕೆಂಪಗಿದ್ದ ಬಂಗುಡೆ ಒಂದು ಹೆಚ್ಚು ಹಾಕಿದೆ.